ದೇವರಕೋಣೆಯ ಸೈಕಲ್ಲುಗಳು

ದೇವರ ಮುಂದೆ ಕೂರುವುದಕ್ಕೆ ಒಬ್ಬ ಹೆಂಗಸಿಗೆ ಎಷ್ಟು ಜಾಗ ಬೇಕು? ಒಂದು ಮಣೆಯಷ್ಟು. ಮೊಣಕಾಲು ಮುಷ್ಕರ ಹೂಡಿದ ಮೇಲೆ ಒಂದು ಕುರ್ಚಿಯಷ್ಟು. ಚೆನ್ನೈಯ ಕೀಲ್ಪಾಕಿನಲ್ಲಿ, ನಮ್ಮ ಸೈಕಲ್ ಅಂಗಡಿಯ ಹಿಂದಿರುವ ಮನೆಯಲ್ಲಿ, ಅಷ್ಟು ಜಾಗವನ್ನು ನಾನು ಮದುವೆಯಾಗಿ ಬಂದಾಗಿನಿಂದ ಕೇಳುತ್ತಲೇ ಇದ್ದೇನೆ. ದೇವರು ಇರುವುದು ಹಿಂದಿನ ಕೋಣೆಯ ಗೂಡಿನಲ್ಲಿ. ಉಳಿದ ಕೋಣೆಯೆಲ್ಲ ಸೈಕಲ್ಲುಗಳದ್ದು. ಹ್ಯಾಂಡಲ್ಲುಗಳ ನಡುವೆ ಅಡ್ಡಡ್ಡ ತೂರಿಕೊಂಡು ದೀಪ ಹಚ್ಚಬೇಕು. ಸೀರೆಯ ನೆರಿಗೆ ಪೆಡಲಿಗೆ ಸಿಕ್ಕಿಕೊಳ್ಳುತ್ತದೆ. ಮಂಗಳಾರತಿ ಎತ್ತುವಾಗ ಮೊಣಕೈ ತಗಲಿ ಯಾವುದೋ ಒಂದು ಬೆಲ್ಲು ಟ್ರಿಣ್ ಎನ್ನುತ್ತದೆ. ಗಂಟೆ ಬಾರಿಸಲು ಇನ್ನೊಂದು ಕೈ ಬೇಕಾಗಲಿಲ್ಲವಲ್ಲ, ಅದೂ ಅವನ ಕೃಪೆಯೇ ಎಂದುಕೊಳ್ಳುತ್ತೇನೆ.

ಇವು ಮಾರಾಟದ ಸೈಕಲ್ಲುಗಳಲ್ಲ. ರಿಪೇರಿಗೆ ಬಿಟ್ಟುಹೋದವರು ಮರಳಿ ಬಾರದೆ ಉಳಿದವು. ನಮ್ಮ ಮಾವನವರು ಕುಂದಾಪುರದ ಕಡೆಯಿಂದ ಇಲ್ಲಿಗೆ ಬಂದದ್ದು ಎಲ್ಲರ ಹಾಗೆ ನೆಂಟರ ಹೋಟೆಲಿಗೇ. ಊಟದ ಕ್ಯಾರಿಯರುಗಳನ್ನು ಸೈಕಲ್ಲಿನಲ್ಲಿ ಮನೆಮನೆಗೆ ಮುಟ್ಟಿಸುವ ಕೆಲಸ. ಆ ಸೈಕಲ್ಲಿನ ಚೈನು ದಿನಾ ಕಳಚಿ, ಸಾಂಬಾರು ದಿನಾ ಚೆಲ್ಲಿ, ಕೊನೆಗೆ ಅವರಿಗೆ ಸಾಂಬಾರಿಗಿಂತ ಚೈನಿನ ವಿದ್ಯೆಯೇ ಚೆನ್ನಾಗಿ ಕೈಹತ್ತಿತಂತೆ. ಹೋಟೆಲ್ ಬಿಟ್ಟು ಬಾಡಿಗೆ ಸೈಕಲ್ಲಿನ ಅಂಗಡಿ ಇಟ್ಟರು. ಬಾಡಿಗೆಯ ಕಾಲ ಮುಗಿದು ರಿಪೇರಿಯ ಕಾಲ ಬಂತು. ಈಗ ನನ್ನ ಗಂಡನ ಕೈಯಲ್ಲಿ ಅಪಾರ್ಟ್‌ಮೆಂಟಿನ ಮಕ್ಕಳ ಗೇರ್ ಸೈಕಲ್ಲುಗಳು. "ಎಲ್ಲರೂ ಇಡ್ಲಿ ಬೇಯ್ಸಿ ಬಿಲ್ಡಿಂಗ್ ಕಟ್ಟಿದ್ರ್, ನೀವ್ ಗಾಳಿ ಹಾಕ್ತಾ ಕೂತ್ರಿ" ಎಂದು ನೆಂಟರು ಈಗಲೂ ಮದುವೆಮನೆಗಳಲ್ಲಿ ಕುಟುಕುತ್ತಾರೆ. ಅದಿರಲಿ. ಎಲ್ಲ ಬದಲಾದರೂ ಮಾವನವರ ಒಂದು ಕಟ್ಟಳೆ ಬದಲಾಗಲಿಲ್ಲ: ನಂಬಿ ಬಿಟ್ಟುಹೋದ ಸೈಕಲ್ಲನ್ನು ಮಾರಬಾರದು, ಮುರಿಯಬಾರದು. ನಾನು ಜಾಗದ ಮಾತೆತ್ತಿದಾಗಲೆಲ್ಲ "ಬತ್ರ್ ಹೆಣೆ, ಬಾರ್ದೆ ಎಲ್ಲಿಗ್ ಹೋತ್ರ್?" ಎನ್ನುತ್ತಿದ್ದರು. ಯಾರೂ ಬರಲಿಲ್ಲ. ಮಾವನವರೇ ಹೋದರು.

ಈ ಸಲ ನವರಾತ್ರಿಯ ಹೊತ್ತಿಗೆ ನನಗೆ ನೆಲದಲ್ಲಿ ಕೂತರೆ ಏಳಲಾಗದು, ನಿಂತರೆ ನಿಲ್ಲಲಾಗದು ಎನ್ನುವಂತಾಯಿತು. ನನ್ನ ನರಳಾಟ ಕೇಳಿ ಕೇಳಿ ಗಂಡನೂ ಸೋತರು. "ಆಯ್ತ್ ಮಾರಾಯ್ತಿ, ಗುಜರಿಯವ್ನಿಗ್ ಹೇಳ್ತೆ" ಎಂದರು. ಅಲ್ಲಿಗೆ ಸುಮ್ಮನಿರಬೇಕಿತ್ತು. ಹಬ್ಬದ ದಿನಗಳಲ್ಲಿ ಕಬ್ಬಿಣ ಮನೆಯಿಂದ ಹೊರಗೆ ಹೋಗಬಾರದು, ವಿಜಯದಶಮಿ ಕಳೆಯಲಿ ಎಂದು ತಡೆದವಳು ನಾನೇ.

ಆಯುಧಪೂಜೆಗೆ ಗಂಡ ಕೋಯಂಬೇಡಿನ ಹೂವಿನ ಮಾರುಕಟ್ಟೆಯಿಂದ ಸೇವಂತಿಗೆ ತಂದರು. ಸ್ಪ್ಯಾನರಿಗೆ, ಪಂಪಿಗೆ, ಅಂಗಡಿಯ ಸೈಕಲ್ಲುಗಳಿಗೆಲ್ಲ ಗಂಧ ಕುಂಕುಮ ಹಚ್ಚಿ ಹೂ ಮುಡಿಸುತ್ತ ಬಂದವಳು ಹಿಂದಿನ ಕೋಣೆಗೂ ಹೋದೆ.

"ಅದಕ್ಕೆಂತಕ್ಕೆ? ನಾಡ್ದ್ ಹೋಪುದಲ್ದಾ?" ಎಂದರು.

"ಹೋಪುದಾದ್ರೆ? ಪಂಕ್ತಿಯಂಗ್ ಕೂತವ್ರಿಗ್ ಬಡ್ಸ್ದೆ ಇಪ್ಪುಕಾತ್ತಾ?" ಎಂದೆ.

ಒಂದನ್ನೂ ಬಿಡದೆ ಕುಂಕುಮ ಇಟ್ಟೆ. ತುಕ್ಕು ಹಿಡಿದವಕ್ಕೆ ಒಂದು ಹೂ ಹೆಚ್ಚೇ ಮುಡಿಸಿದೆ.

ಗುಜರಿಯ ಮುರುಗೇಸನ್ ಹೇಳಿದ ದಿನವೇ ತನ್ನ ಮೂರು ಚಕ್ರದ ಹಲಗೆ ಗಾಡಿ ತುಳಿದುಕೊಂಡು ಬಂದ. ಕೋಣೆಯೊಳಗೆ ಕೈ ಚಾಚಿದವನು ಬೆಂಕಿ ಮುಟ್ಟಿದವನಂತೆ ಹಿಂದಕ್ಕೆಳೆದುಕೊಂಡ. "ಎನ್ನಕ್ಕಾ ಇದು, ಪೂಜೆ ಪೋಟ್ಟ ವಂಡಿ! ಇದ ಪೋಯಿ ಒಡೈಕ್ಕ ಸೊಲ್ರೀಂಗಳಾ?" ಪೂಜೆ ಮಾಡಿದ ಗಾಡಿಯನ್ನು ಹೋಗಿ ಹೋಗಿ ಒಡೆಯಲು ಹೇಳುತ್ತೀರಲ್ಲ ಎಂದು ನನ್ನನ್ನೇ ಗದರಿದ. ಪರವಾಗಿಲ್ಲಪ್ಪ, ದೇವರ ಹತ್ತಿರ ನಾನು ಹೇಳಿಕೊಳ್ಳುತ್ತೇನೆ ಎಂದೆ ನನ್ನ ಹರಕು ತಮಿಳಿನಲ್ಲಿ. ದೇವರ ಹತ್ತಿರ ನೀವು ಹೇಳ್ತೀರಿ, ನನ್ನ ಹೆಂಡತಿ ಹತ್ತಿರ ಯಾರು ಹೇಳ್ತಾರೆ ಎಂದ. ಒರೆಸಿಬಿಡು ಎಂದರು ಗಂಡ. ಒದ್ದೆ ಬಟ್ಟೆ ಹಿಡಿದು ನಿಂತೆ. ಇಟ್ಟ ಕುಂಕುಮವನ್ನು ಒರೆಸುವ ಕೈ ನನ್ನದಲ್ಲ. ಬಟ್ಟೆ ಹಿಂಡಿ ಒಣಹಾಕಿದೆ.

ಮುರುಗೇಸನ್ ಸೈಕಲ್ಲುಗಳಿಗೆ ಕೈಮುಗಿದು ಖಾಲಿ ಗಾಡಿ ತಿರುಗಿಸುವಾಗ ಅಂಗಳದ ಮೆಟ್ಟಿಲಿಗೆ ಬಡಿದು ಅದರ ಅಚ್ಚು ಮುರಿಯಿತು. ಗಂಡ ಬಾಯಿಬಿಡುವ ಮೊದಲೇ ಅವರು ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು. "ವಿಟ್ಟುಟ್ಟು ಪೋಪಾ, ಸರಿ ಪಣ್ಣಿ ವೈಕ್ಕಿರೇನ್." ಬಿಟ್ಟು ಹೋಗಪ್ಪ, ಸರಿ ಮಾಡಿ ಇಡುತ್ತೇನೆ ಎಂದರು. ಬಿಟ್ಟು ಹೋದ. ಗಾಡಿ ಸರಿಯಾಗಿ ಎಷ್ಟೋ ದಿನವಾಯಿತು. ಫೋನು ಮಾಡಿದರೆ ನಾಳೆ ಬರುತ್ತೇನೆ ಎನ್ನುತ್ತಾನೆ. ಸದ್ಯಕ್ಕೆ ಭಾವನ ಗಾಡಿ ತುಳಿಯುತ್ತಿದ್ದಾನಂತೆ.

ಒಂದು ಬೆಳಿಗ್ಗೆ ದೀಪ ಹಚ್ಚಿ ಹೊರಬಂದವಳು, ಕಾಲು ನಡುಗಿ, ಅಂಗಳದಲ್ಲಿದ್ದ ಆ ಗಾಡಿಯ ಹಲಗೆಯ ಮೇಲೆ ಕೂತುಬಿಟ್ಟೆ. ನೋಡುತ್ತೇನೆ, ತೆರೆದ ಬಾಗಿಲಿನಿಂದ ನೇರ ದೇವರ ಗೂಡು ಕಾಣುತ್ತಿದೆ! ಕಾಲು ಇಳಿಬಿಡಬಹುದು, ಗಾಳಿ ಬೀಸುತ್ತದೆ, ಹತ್ತಿರದಲ್ಲಿ ಒಂದೂ ಬೆಲ್ಲಿಲ್ಲ. ಅಂದಿನಿಂದ ಜಪ ಅಲ್ಲಿಯೇ. ಅದು ಮೊದಲು ಕಾಸಿಮೇಡಿನಲ್ಲಿ ಮೀನು ಹೊರುತ್ತಿದ್ದ ಗಾಡಿ ಎಂದು ಗಂಡ ನಗುತ್ತ ತಿಳಿಸಿದ್ದು ಆಮೇಲೆ. ಶ್ರೀಹರಿ ಮೊದಲು ಅವತರಿಸಿದ್ದೇ ಮೀನಾಗಿ ಎಂದು ಸಮಾಧಾನ ಮಾಡಿಕೊಂಡು, ಅರಿಶಿನದ ನೀರಿನಲ್ಲಿ ತೊಳೆದು, ಮತ್ತೆ ಕೂತೆ.

ಈಗ ದಿನಾ ಜಪ ಮುಗಿಸಿ ಎಲ್ಲರಿಗೂ ಒಳ್ಳೆಯದು ಮಾಡಪ್ಪ ಎಂದು ಬೇಡಿಕೊಳ್ಳುತ್ತೇನೆ. ಕೊನೆಯಲ್ಲಿ, ಗಂಡನಿಗೆ ಕೇಳಿಸದಂತೆ, ಇಷ್ಟು ಸೇರಿಸುತ್ತೇನೆ: ಆ ಮುರುಗೇಸನಿಗೂ ಒಳ್ಳೆಯದು ಮಾಡು ತಂದೆ, ಅವನಿಗೊಂದು ಹೊಸ ಗಾಡಿ ಕೊಡಿಸು.