ಒದ್ದೆ ಪುಸ್ತಕಗಳ ಓದುಗ

"ನಾಳೆಯಿಂದ ದಿನಕ್ಕೆ ಇಪ್ಪತ್ತು ಪುಟ. ಆಕಾಶ ಕಳಚಿ ಬಿದ್ರೂ ಸರಿ" ಎಂದು ಕನ್ನಡಕದಣ್ಣ ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿದ.

ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವುದು ಅವನ ಕೆಲಸ. ಹದಿನೈದು ವರ್ಷದಿಂದ ಊರಿಗೆಲ್ಲ ಅಕ್ಷರ ಓದಿಸಿದವನು, ತಾನು ಮಾತ್ರ ಗೋಡೆಯ ಮೇಲಿನ ಆ ಅಕ್ಷರಪಟ್ಟಿ ಬಿಟ್ಟು ಬೇರೇನೂ ಓದಿರಲಿಲ್ಲ. ಆದರೂ ಏಳು ಕಥೆ ಬರೆದಿದ್ದ. ಪತ್ರಿಕೆಗೆ ಕಳಿಸಿದ ಏಳೂ ಹೋದ ದಾರಿಯಲ್ಲೇ ಮರಳಿದ್ದವು. ಕೊನೆಯದರ ಜೊತೆ ಸಂಪಾದಕರ ಎರಡು ಸಾಲಿತ್ತು: "ನಿಮ್ಮ ಕಥೆಯಲ್ಲಿ ಕಳ್ಳನೂ ಪೊಲೀಸನೂ ಒಂದೇ ಥರ ಭಾಷಣ ಮಾಡುತ್ತಾರೆ. ಈಚೆಗೆ ಏನು ಓದಿದ್ದೀರಿ?"

"ಓದು ಅಂದ್ರೆ ಸುಮ್ನೆ ಅಲ್ಲ ಕಣೇ, ಅದೊಂದು ಸಾಧನೆ" ಎಂದ ಹೆಂಡತಿಗೆ.

ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. "ನಾನು ದಿನಾ ಡಾಕ್ಟ್ರು ಬರೆದ ಚೀಟಿ ಓದ್ತೀನಿ. ಅದಕ್ಕಿಂತ ಸಾಧನೆ ಬೇಕೇನ್ರೀ? ಓದಿ, ಬೇಡ ಅನ್ನಲ್ಲ. ಬಟ್ಟೆ ಮಷೀನಿನ ಪೈಪು ಬಚ್ಚಲಿಗೆ ಇಳಿಬಿಡೋದು ಮಾತ್ರ ಮರೀಬೇಡಿ."

ಮರುದಿನ ಅವಳು ಕೆಲಸಕ್ಕೆ ಹೋದ ಮೇಲೆ ಮಷೀನಿಗೆ ಬಟ್ಟೆ ತುಂಬಿ, ಗುಂಡಿ ಒತ್ತಿ, ಪುಸ್ತಕ ಹಿಡಿದು ಕೂತ. ಮೊದಲ ಹತ್ತು ಪುಟ ಏದುಸಿರು ಬಿಡುತ್ತ ಹತ್ತಿದ. ಹನ್ನೊಂದನೆಯ ಪುಟದಲ್ಲಿ ಕಥೆಯ ಅಂಬಿಗ ಹೊಳೆಗೆ ಇಳಿದ. ಕನ್ನಡಕದಣ್ಣನ ಪಾದ ತಣ್ಣಗಾಯಿತು. ಎಂಥ ಬರವಣಿಗೆ, ನೀರು ಕಾಲಿಗೇ ತಾಗಿದ ಹಾಗಿದೆ ಎಂದು ತಲೆದೂಗಿದ. ಹದಿನೆಂಟನೆಯ ಪುಟಕ್ಕೆ ಅವನ ಚಪ್ಪಲಿಯೇ ತೇಲಿಹೋಯಿತು. ತಿರುಗಿ ನೋಡಿದರೆ ಪೈಪು ನೆಲದ ಮೇಲೆ ಬಾಯಿ ತೆರೆದು ಬಿದ್ದಿದೆ. ಸೋಪಿನ ನೀರು ಹೊಸ್ತಿಲು ದಾಟಿ, ಮೆಟ್ಟಿಲಿಳಿದು, ಕೆಳಮನೆಯ ಬಾಗಿಲಡಿ ನುಸುಳಿದೆ.

ಕೆಳಮನೆಯ ಅಜ್ಜಿ ಅಚ್ಚುಕೂಟದಲ್ಲಿ ನಲವತ್ತು ವರ್ಷ ಕರಡು ತಿದ್ದಿ ನಿವೃತ್ತರಾದವರು. ಅವರ ಕಪಾಟಿನ ಕೆಳಸಾಲಿನ ಹದಿನಾಲ್ಕು ಪುಸ್ತಕ ನೀರು ಕುಡಿದು ಊದಿಕೊಂಡಿದ್ದವು. ಅಜ್ಜಿ ಬೈಯಲಿಲ್ಲ. ಒಂದನ್ನು ಎದೆಗೊತ್ತಿಕೊಂಡು ಕೂತಿದ್ದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎನಿಸಿತು ಅವನಿಗೆ.

"ಹೇಗೂ ಬರೆಯೋರಲ್ವಾ? ತಪ್ಪಾಯ್ತು ಅಂತ ಒಂದು ಕಾಗದ ಬರ್ಕೊಡಿ" ಎಂದಳು ಹೆಂಡತಿ ಸಂಜೆ.

ಬರೆದ. "ಮಾತೆಯೇ, ಕ್ರೂರ ವಿಧಿಯು ತಂದೊಡ್ಡಿದ ಈ ಜಲಪ್ರಳಯದಲ್ಲಿ..." ಎಂದು ಶುರುವಾಗಿ ನಾಲ್ಕು ಪುಟ ಹರಿಯಿತು. ಮರುದಿನವೇ ಕೆಂಪು ಶಾಯಿಯ ಗೀಟುಗಳೊಂದಿಗೆ ವಾಪಸ್ಸು ಬಂತು: "ವಿಧಿಯಲ್ಲ, ನೀವು. ಪ್ರಳಯವಲ್ಲ, ಸೋಪಿನ ನೀರು. ಕಾಗದ ಸಾಕು, ಬಂದು ಹಾಳೆ ಬಿಡಿಸಿ."

ಅಂದಿನಿಂದ ಅಂಗಡಿ ಮುಗಿಸಿ ನೇರ ಕೆಳಮನೆಗೆ. ಅಂಟಿಕೊಂಡ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಫ್ಯಾನಿನ ಗಾಳಿಗೆ ಹಿಡಿಯಬೇಕು. ಒಂದು ಹಾಳೆ ಆರುವವರೆಗೆ ಕಣ್ಣಿಗೆ ಬೇರೆ ಕೆಲಸವಿಲ್ಲ. ಓದಿದ. ಪುಟ ಹಾರಿಸಲು ದಾರಿಯೇ ಇರಲಿಲ್ಲ.

"ಈ ಕಥೇಲಿ ಮುದುಕ ಯಾಕಮ್ಮಾ ಅರ್ಧಕ್ಕೇ ಮಾತು ನಿಲ್ಲಿಸ್ತಾನೆ?" ಎಂದ ಒಂದು ದಿನ.

"ಅಳು ಬರ್ತಿದೆ ಅವನಿಗೆ" ಎಂದರು ಅಜ್ಜಿ. "ಬರೆದವರು ಅದನ್ನ ಬಾಯಿಬಿಟ್ಟು ಹೇಳಿಲ್ಲ, ನೋಡಪ್ಪ."

ಅವನು ಹಿಂದಿನ ಪುಟಕ್ಕೆ ಹೋಗಿ ಇನ್ನೊಮ್ಮೆ ಓದಿದ.

ಎರಡು ತಿಂಗಳಲ್ಲಿ ಹದಿನಾಲ್ಕೂ ಒಣಗಿದವು. ಒಣಗಿದ ಸಂಜೆ ಮನೆಗೆ ಬಂದವನು ಯಾರೂ ಹೇಳದೆ ಕೂತು ಅಜ್ಜಿಗೆ ಹೊಸ ಕಾಗದ ಬರೆದ. ತಣ್ಣಗಾದ ಪಾದ, ತೇಲಿದ ಚಪ್ಪಲಿ, ಪುಸ್ತಕ ತಬ್ಬಿ ಕೂತ ಅಜ್ಜಿ, ಅಷ್ಟೇ. ಹೆಂಡತಿ ಓದುತ್ತ ನಕ್ಕಳು, ಮುಗಿಸಿ ಮತ್ತೆ ಮೊದಲ ಪುಟಕ್ಕೆ ಮರಳಿದಳು.

"ರೀ, ಇದು ನಿಜವಾಗ್ಲೂ ನೀವೇ ಬರೆದದ್ದಾ?"

ಮಾರನೆಯ ದಿನ ಕಾಗದ ವಾಪಸ್ಸು ಬಂತು. ಬಾಗಿಲಲ್ಲೇ ನಿಂತು ಬಿಡಿಸಿದ. ಮೊದಲ ಪುಟದಲ್ಲಿ ಒಂದೂ ಕೆಂಪು ಗೀಟಿಲ್ಲ. ಎರಡನೆಯದರಲ್ಲೂ ಇಲ್ಲ. ಎದೆ ಒಂದು ಗೇಣು ಉಬ್ಬಿತು. ಮೂರನೆಯ ಪುಟದ ಬುಡದಲ್ಲಿ ಅಜ್ಜಿ ಬರೆದಿದ್ದರು:

"ಬಹಳ ಚೆನ್ನಾಗಿದೆ, ಎರಡು ಸಲ ಓದಿದೆ. ಮುಂದಿನ ಕಥೆ ಮೊದಲು ನನಗೆ ತೋರಿಸು. ಆದರೆ ಇಷ್ಟುದ್ದದ ಕಾಗದದಲ್ಲಿ ತಪ್ಪಾಯಿತು ಅಂತ ಎಲ್ಲೂ ಬರೆದೇ ಇಲ್ಲವಲ್ಲಪ್ಪ."