ಟೀಚರ್ ಕುಡಿಯದ ಚಹಾ

ಅರ್ಜಿ ಕೊಡುವುದಕ್ಕೆ ನಮ್ಮ ಟೀಚರ್ ಒಂದು ದೊಡ್ಡ ಶಬ್ದ ಹೇಳುತ್ತಿದ್ದರು. ಗುಜ... ಗುಜರ... ಮುಂದೆ ಇನ್ನೂ ಏನೋ ಉಂಟು, ಬಾಯಿಗೆ ಬರುತ್ತಿಲ್ಲ. ಇರಲಿ, ಹೇಳುತ್ತ ಹೋದರೆ ಬಂದೀತು. ಉಡುಪಿ ಕಡೆಯಿಂದ ಮದುವೆಯಾಗಿ ಡೊಂಬಿವಲಿಗೆ ಬಂದವಳು ನಾನು. ಇಲ್ಲೇ ಮುದುಕಿಯಾದೆ. ಟೀಚರ್ ಎಂದರೆ ಇಲ್ಲಿನ ಕನ್ನಡ ಶಾಲೆಯಲ್ಲಿ ಒಂದರಿಂದ ನಾಲ್ಕನೆಯ ತರಗತಿಯವರೆಗೆ ಜೀವಮಾನವಿಡೀ ಕಲಿಸಿದವರು. ಈಗ ಅವರಿಲ್ಲ, ಅವರ ಹೆಸರಿನಲ್ಲಿ ಕಾಲೇಜಿಗೆ ಸೇರುವವರಿಗೆ ಒಂದು ವಿದ್ಯಾರ್ಥಿವೇತನ ಇದೆ. ಅವರಿದ್ದಾಗ ಅವರ ಸುತ್ತ ನಡೆಯುತ್ತಿದ್ದ ತಮಾಷೆಗಳು ಅವರು ಹೋದ ಮೇಲೂ ನಿಂತಿಲ್ಲ.

ತುಂಬಿದ ಕಪ್ಪು

ಮೇ ತಿಂಗಳು ಬಂತೆಂದರೆ ಟೀಚರ್ ಮನೆಮನೆಗೆ ಹೊರಡುತ್ತಿದ್ದರು. ಒಂದನೆಯ ತರಗತಿಗೆ ಸಾಕಷ್ಟು ಮಕ್ಕಳು ಸೇರದಿದ್ದರೆ ತರಗತಿಯನ್ನೇ ಮುಚ್ಚಿಬಿಡುತ್ತಾರೆ ಎಂಬ ಹೆದರಿಕೆ. ನಮ್ಮ ಕಡೆಯವರ ಮನೆಗಳು ನನಗೆ ಗೊತ್ತಿದ್ದ ಕಾರಣ ನಾನೂ ಜೊತೆಗೆ. ಅವರ ಉಪಾಯ ಒಂದೇ. ಮನೆಯವರು ಕೊಟ್ಟ ಚಹಾವನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕುಳಿತುಬಿಡುವುದು. ಮಗುವನ್ನು ಕಳಿಸುತ್ತೇವೆ ಎನ್ನುವವರೆಗೆ ಒಂದು ಗುಟುಕೂ ಇಲ್ಲ. ಬಂದವರು ಏನೂ ಕುಡಿಯದೆ ಎದ್ದುಹೋದರು ಎನಿಸಿಕೊಳ್ಳಲು ಯಾವ ಮನೆಯ ಹೆಂಗಸು ಒಪ್ಪುತ್ತಾಳೆ?

ಒಂದು ಮನೆಯಲ್ಲಿ ಹುಡುಗನನ್ನು ಇಂಗ್ಲಿಷ್ ಶಾಲೆಗೆ ಹಾಕುವುದೆಂದು ತೀರ್ಮಾನವಾಗಿತ್ತು. ಟೀಚರ್ ಕಪ್ಪು ಹಿಡಿದು ಕುಳಿತರು. ಚಹಾ ಆರಿತು. ಅಷ್ಟರಲ್ಲಿ ಹುಡುಗನ ಅಪ್ಪ ಬಂದ. ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಚಹಾ ಮಾಡುವುದೇ ಅವನ ಕೆಲಸ. ತುಂಬಿದ ಕಪ್ಪನ್ನು ನೋಡಿ ಹೆಂಡತಿಯ ಮೇಲೆ ರೇಗಿ, ತಾನೇ ಒಳಗೆ ಹೋಗಿ ಶುಂಠಿ ಜಜ್ಜಿ ಬೇರೆ ಮಾಡಿ ತಂದ. ಅದೂ ಆರಿತು. ಏಲಕ್ಕಿ ಹಾಕಿ ಇನ್ನೊಂದು ತಂದ. ಟೀಚರ್ ಅದಕ್ಕೂ ತುಟಿ ತಾಗಿಸಲಿಲ್ಲ. ಅವನ ಮುಖ ಸಣ್ಣದಾಯಿತು.

"ನನ್ನ ಕೈಯ ಚಹಾವನ್ನು ಇದುವರೆಗೆ ಯಾರೂ ಹೀಗೆ ಬಿಟ್ಟದ್ದಿಲ್ಲ ಟೀಚರ್. ಹುಡುಗನನ್ನು ಕಳಿಸ್ತೇನೆ. ಇದೊಂದು ಕುಡಿಯಿರಿ."

ಟೀಚರ್ ಒಂದು ಗುಟುಕು ಕುಡಿದು, "ಸಕ್ಕರೆ ಸ್ವಲ್ಪ ಜಾಸ್ತಿ" ಎಂದರು.

ಕಾಪಿ ಇಲ್ಲದ ಪರೀಕ್ಷೆ

ಒಂದು ಮಧ್ಯಾಹ್ನ ಟೀಚರ್ ನಮ್ಮ ಮನೆಯಲ್ಲೇ ಹೀಗೆ ಕಪ್ಪು ಹಿಡಿದು ಕುಳಿತರು. ನನಗೆ ನಗು ಬಂತು. ಮಕ್ಕಳು ದೊಡ್ಡವರಾಗಿ ಕೆಲಸಕ್ಕೆ ಹೋಗುತ್ತಿದ್ದಾರೆ, ಮೊಮ್ಮಗಳು ಇನ್ನೂ ತೊಟ್ಟಿಲಲ್ಲಿದ್ದಾಳೆ, ಈ ಮನೆಯಲ್ಲಿ ನಿಮಗೆ ಯಾರು ಸಿಗುತ್ತಾರೆ ಎಂದು ಕೇಳಿದೆ.

"ನೀನಿದ್ದೀಯಲ್ಲ ಮಾರಾಯ್ತಿ" ಎಂದರು.

ನಾನು ಊರಿನಲ್ಲಿ ಏಳನೆಯದಕ್ಕೆ ಶಾಲೆ ಬಿಟ್ಟವಳು. ಬೇಡವೆಂದು ಎಷ್ಟು ಹೇಳಿದರೂ ಅವರು ಕಪ್ಪು ಕೆಳಗಿಡಲಿಲ್ಲ. ಅಂದಿನಿಂದ ಸಂಜೆ ಸಂಜೆ ನನಗೆ ಪಾಠ. ಇಲ್ಲಿ ಶಾಲೆಗೆ ಹೋಗದೆ ಹತ್ತನೆಯದಕ್ಕೆ ಕೂರುವವರು ಒಂದು ಬೇರೆಯೇ ಫಾರ್ಮು ತುಂಬಬೇಕು, ಹದಿನೇಳನೆಯ ನಂಬರಿನದಾದ್ದರಿಂದ ಎಲ್ಲರೂ ಅದನ್ನು ಮರಾಠಿಯಲ್ಲಿ ಸತ್ರಾ ನಂಬರ್ ಎನ್ನುತ್ತಾರೆ. ಅದನ್ನೂ ಅವರೇ ತಂದುಕೊಟ್ಟರು.

ಪರೀಕ್ಷೆ ಕಲ್ಯಾಣದಲ್ಲಿ. ಮೊದಲ ದಿನವೆಂದು ಗಂಜಿ ಹಾಕಿದ ಕಾಟನ್ ಸೀರೆ ಉಟ್ಟು, ಕನ್ನಡಕ ಏರಿಸಿಕೊಂಡು ಹೋದೆ. ಕೋಣೆಯ ಬಾಗಿಲಲ್ಲಿ ನನ್ನನ್ನು ಕಂಡದ್ದೇ ಮೇಲ್ವಿಚಾರಕರು ಎದ್ದು ನಿಂತು ನಮಸ್ಕಾರ ಮಾಡಿ ಕುರ್ಚಿ ಬಿಟ್ಟುಕೊಟ್ಟರು. ತಪಾಸಣೆಗೆ ಬಂದವಳು ಎಂದುಕೊಂಡರು ಪಾಪ. ಮಕ್ಕಳೂ ಹಾಗೆಯೇ ತಿಳಿದರು. ತೋಳಿನಿಂದ, ಸಾಕ್ಸಿನಿಂದ ಸಣ್ಣ ಸಣ್ಣ ಚೀಟಿಗಳು ಹೊರಬಂದು ಕಿಟಕಿಯಾಚೆ ಹಾರಿಹೋದವು. ನಾನು ಎಲ್ಲರ ನಡುವೆ ಹಾದು, ನನ್ನ ನಂಬರಿನ ಬೆಂಚು ಹುಡುಕಿ ಕುಳಿತು, ಪಕ್ಕದ ಹುಡುಗನ ಹತ್ತಿರ ಒಂದು ಸ್ಕೇಲು ಕೇಳಿದೆ.

ಅವನು ಸ್ಕೇಲು ಕೊಟ್ಟ. ಆದರೆ ಪರೀಕ್ಷೆ ಮುಗಿಯುವವರೆಗೆ ನನ್ನನ್ನು ಕ್ಷಮಿಸಲಿಲ್ಲ.

ಬೆನ್ನಿನ ಫೋಟೋ

ಹನ್ನೆರಡನೆಯದನ್ನೂ ಹೀಗೆಯೇ ದಾಟಿದೆ. ಇನ್ನು ಕಾಲೇಜು ಎಂದರು ಟೀಚರ್. ನೋಡುವ ಎಂದೆ. ನಾನು ನೋಡುತ್ತಲೇ ಇದ್ದೆ, ಅವರು ಹೋಗಿಬಿಟ್ಟರು.

ಅವರ ಹಳೆಯ ಶಿಷ್ಯರು ಸೇರಿ ನಮ್ಮ ಕನ್ನಡ ಸಂಘದ ಮೂಲಕ ವಿದ್ಯಾರ್ಥಿವೇತನ ಶುರುಮಾಡಿದರು. ನನ್ನನ್ನೂ ಸಮಿತಿಗೆ ಎಳೆದರು. ಠಾಣೆಯಲ್ಲಿ ಮೊದಲ ಸಮಾರಂಭ ಎಂದಾಯಿತು. ಹಾರ ಹಾಕಲು ಫೋಟೋ ಬೇಕಲ್ಲ? ಹುಡುಕಿದರೆ ಒಂದೂ ಸರಿಯಾದದ್ದಿಲ್ಲ. ಮಕ್ಕಳ ಫೋಟೋ ತೆಗೆಸುವಾಗಲೆಲ್ಲ ಅವರು ಯಾವುದೋ ತುಂಟನ ಕಿವಿ ಹಿಡಿಯಲು ಆ ಕಡೆ ತಿರುಗಿರುತ್ತಿದ್ದರು. ಕೊನೆಗೆ ಸಿಕ್ಕಿದ್ದು ಬೋರ್ಡಿನ ಮೇಲೆ ಬರೆಯುತ್ತಿರುವ ಒಂದು ಫೋಟೋ. ಬೆನ್ನು, ತುರುಬು, ಒಂದು ಕಿವಿ. ಅದನ್ನೇ ದೊಡ್ಡದು ಮಾಡಿಸಿ ವೇದಿಕೆಯ ಮೇಲಿಟ್ಟರು.

ಮುಖ್ಯ ಅತಿಥಿಗಳು ಮರಾಠಿಯವರು, ಟೀಚರನ್ನು ಕಂಡವರಲ್ಲ. ಹಾರ ಹಿಡಿದು ಬಂದವರು ಫೋಟೋ ನೋಡಿ, ಚೌಕಟ್ಟನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು. ಅಲ್ಲಿ ಬರೀ ಹಲಗೆ. ಆದರೆ ಸಭೆಯಲ್ಲಿ ಯಾರೂ ನಗಲಿಲ್ಲ. ನಗುವುದೇನು, ಫೋಟೋ ಬಂದ ಕ್ಷಣದಿಂದಲೇ ಅಷ್ಟು ಹೊತ್ತಿನ ಗದ್ದಲ ನಿಂತುಹೋಗಿತ್ತು. ಅವರೆಲ್ಲ ನಾಲ್ಕು ವರ್ಷ ನೋಡಿದ್ದು ಆ ಬೆನ್ನನ್ನೇ. ತಿರುಗದೆಯೇ ಯಾರು ಮಾತಾಡಿದ್ದೆಂದು ಹೇಳುವ ಬೆನ್ನು ಅದು. ನನ್ನ ಮುಂದಿನ ಸಾಲಿನಲ್ಲಿ ಹೊಟ್ಟೆ ಬಂದ ಒಬ್ಬ ಹೋಟೆಲ್ ಮಾಲೀಕರು ಪಕ್ಕದವರ ಕಿವಿಯಲ್ಲಿ ಏನೋ ಹೇಳುತ್ತಿದ್ದವರು ಥಟ್ಟನೆ ನಿಲ್ಲಿಸಿ, ಬೆರಳನ್ನು ತುಟಿಯ ಮೇಲಿಟ್ಟುಕೊಂಡರು.

ಊಟದ ಹೊತ್ತಿಗೆ ಫೋಟೋವನ್ನು ಒಳಗೆ ತೆಗೆದಿಟ್ಟ ಮೇಲೆಯೇ ಅವರು ಬೆರಳು ತೆಗೆದದ್ದು.

ಐಸ್ ಹಾಕಿದ ಚಹಾ

ಸಮಿತಿಯಲ್ಲಿ ವಕೀಲರಿದ್ದರು, ಬ್ಯಾಂಕಿನವರಿದ್ದರು. ಎಲ್ಲ ಬುದ್ಧಿವಂತರೂ ಕೂತು ಪ್ರೀತಿಯಿಂದ ನಿಯಮ ಬರೆದಿದ್ದರು: ಈ ವೇತನ ಟೀಚರ ಕೈಯಲ್ಲಿ ಕಲಿತವರಿಗೆ ಮಾತ್ರ. ಟೀಚರ್ ಹೋದ ಮೇಲೆ ಅವರ ಕೈಯಲ್ಲಿ ಹೊಸಬರು ಕಲಿಯಲಾರರು ಎಂಬುದು ಒಬ್ಬರಿಗೂ ಹೊಳೆಯಲಿಲ್ಲ, ನನಗೂ. ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ಕೊನೆಯ ತಂಡದ ಮಕ್ಕಳೂ ಕಾಲೇಜಿಗೆ ಸೇರಿ ಆಯಿತು. ಮರುವರ್ಷ ಒಂದು ಅರ್ಜಿಯೂ ಬರಲಿಲ್ಲ. ಆಗ ಇನ್ನೊಂದು ನಿಯಮ ಎಲ್ಲರ ಕಣ್ಣಿಗೆ ಬಿತ್ತು. ಒಂದು ವರ್ಷ ಯಾರೂ ಸಿಗದಿದ್ದರೆ ವೇತನ ನಿಂತು, ನಿಧಿ ಸಂಘದ ಇತರ ಕೆಲಸಕ್ಕೆ ಹೋಗುತ್ತದೆ. ಇತರ ಕೆಲಸ ಎಂದರೆ ಸಭಾಗೃಹಕ್ಕೆ ಎ.ಸಿ. ನಿಯಮ ತಿದ್ದುವುದಕ್ಕೆ ವರ್ಷಗಟ್ಟಲೆ ಓಡಾಡಬೇಕು, ಎ.ಸಿ. ಹಾಕಿಸುವುದಕ್ಕೆ ಒಂದು ಫೋನ್ ಸಾಕು.

ಟೀಚರ ಹೆಸರು ಹೀಗೆ ಗೋಡೆಯ ಮೇಲಿನ ಯಂತ್ರವಾಗುವುದು ನನಗೆ ಸರಿಬರಲಿಲ್ಲ. ಹಳೆಯ ಶಿಷ್ಯರಲ್ಲಿ ಯಾರಾದರೂ ಓದು ಬಿಟ್ಟವರು ಸಿಕ್ಕಾರೆಂದು ಹೊರಟೆ. ಅಂಬರನಾಥದ ಒಬ್ಬ ಹುಡುಗ ಕಾರ್ಖಾನೆಯ ಕೆಲಸ ಮುಗಿಸಿ ಆಗಲೇ ಸಂಜೆ ಕಾಲೇಜಿಗೆ ಹೋಗುತ್ತಿದ್ದ. ಕೋಪರಿಯ ಒಬ್ಬಳು ಎಂ.ಕಾಂ. ಮುಗಿಸಿದ್ದಳು. ಘಣಸೋಲಿಯ ಒಬ್ಬಳು ಹನ್ನೆರಡನೆಯದಕ್ಕೇ ಬಿಟ್ಟಿದ್ದಾಳೆಂದು ಸುದ್ದಿ ಸಿಕ್ಕಿ ಅಲ್ಲಿಗೆ ಹೋದೆ. ಹೊಸ ಕಟ್ಟಡ, ಲಿಫ್ಟಿನಲ್ಲಿ ಕಿವಿ ಕಟ್ಟುವಷ್ಟು ಎತ್ತರ. ಅವಳ ಗಂಡ ಬೆಂಗಳೂರಿನವನು, ತುಂಬಾ ಮರ್ಯಾದೆಯ ಹುಡುಗ, ತಾನೇ ಚಹಾ ತಂದುಕೊಟ್ಟ. ನಾನು ಕಪ್ಪು ಹಿಡಿದು ಕುಳಿತೆ, ಟೀಚರ ಹಾಗೆ. ಚಹಾ ಆರಿತು. ನಾನು ಅಲುಗಲಿಲ್ಲ.

"ಕೊಡಿ ಆಂಟಿ ಇಲ್ಲಿ" ಎಂದ ಹುಡುಗ. "ತಣ್ಣಗಾಗಿದ್ರೆ ಇನ್ನೂ ಒಳ್ಳೇದಾಯ್ತು. ನಿಂಬೆಹಣ್ಣು ಹಿಂಡಿ ಐಸ್ ಹಾಕ್ಕೊಡ್ತೀನಿ."

ಅವಳು ಮನೆಯಲ್ಲೇ ಕೂತು ಡಿಗ್ರಿ ಮುಗಿಸಿದ್ದಳು ಎಂಬುದು ಆಮೇಲೆ ತಿಳಿಯಿತು. ಟೀಚರ್ ಒಬ್ಬರನ್ನೂ ಬಾಕಿ ಬಿಟ್ಟಿರಲಿಲ್ಲ. ಐಸ್ ಹಾಕಿದ್ದನ್ನು ಕುಡಿದು ವಾಪಸು ಬಂದೆ. ಚೆನ್ನಾಗಿಯೇ ಇತ್ತು.

ಕೊನೆಯ ಶಿಷ್ಯೆ

ಸಮಿತಿಯ ಕಾರ್ಯದರ್ಶಿಗಳು ಮನೆಗೆ ಬಂದರು. ಅವರೂ ಟೀಚರ ಹಳೆಯ ಶಿಷ್ಯರೇ. ವೇತನ ನಿಲ್ಲಿಸುವ ಠರಾವಿಗೆ ನನ್ನದೊಂದು ಸಹಿ ಬೇಕಿತ್ತು. ಚಹಾ ಕೊಟ್ಟೆ. ಕುಡಿಯುತ್ತ ಅವರು, "ಏನು ಮಾಡುವುದು ಅಕ್ಕ, ಟೀಚರ್ ಕಲಿಸಿದವರಲ್ಲಿ ಕಾಲೇಜು ಮೆಟ್ಟಿಲು ಹತ್ತದವರು ಯಾರೂ ಉಳಿಯಲಿಲ್ಲವಲ್ಲ" ಎಂದರು.

ಮೊಮ್ಮಗಳು ಅಲ್ಲೇ ಮೊಬೈಲ್ ಒತ್ತುತ್ತ ಕುಳಿತಿದ್ದಳು. ಅಂದು ತೊಟ್ಟಿಲಲ್ಲಿದ್ದವಳು ಈಗ ಕಾಲೇಜಿಗೆ ಹೋಗುತ್ತಾಳೆ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಮರಾಠಿಯಲ್ಲಿ ಉತ್ತರ ಕೊಡುವುದು. ತಲೆ ಎತ್ತದೆ, "ಅಜ್ಜಿ, ತೂ ಆಹೇಸ್ ನಾ" ಎಂದಳು. ನೀನಿದ್ದೀಯಲ್ಲ ಎಂದು.

ಕಾರ್ಯದರ್ಶಿಗಳು ನಕ್ಕರು. ಆಮೇಲೆ ನಗು ನಿಲ್ಲಿಸಿ ನಿಯಮಗಳನ್ನು ತೆಗೆದು ಓದಿದರು. ವಯಸ್ಸಿನ ಮಿತಿ ಹಾಕಲು ಎಲ್ಲರೂ ಮರೆತಿದ್ದರು. ಸಮಿತಿಯವರು ಅರ್ಜಿ ಹಾಕುವ ಹಾಗಿಲ್ಲ, ಆದರೆ ಸಮಿತಿ ಬಿಡಬಾರದೆಂದು ಎಲ್ಲಿಯೂ ಇಲ್ಲ.

ನನಗೆ ಗಾಬರಿಯಾಯಿತು. ಮಂಡಿನೋವು ಎಂದೆ. ಮಕ್ಕಳು ನಗುತ್ತಾರೆ ಎಂದೆ. ಮುಂದಿನ ವರ್ಷ ನೋಡುವ ಎಂದೆ. ಮೊಮ್ಮಗಳು ಎದ್ದು ಒಳಗೆ ಹೋಗಿ, ಒಂದು ಕಪ್ಪಿಗೆ ಚಹಾ ಬಗ್ಗಿಸಿಕೊಂಡು ಬಂದು, ಅದನ್ನು ಕೈಯಲ್ಲಿ ಹಿಡಿದು ನನ್ನೆದುರು ಕುಳಿತಳು. ಅವಳು ಹುಟ್ಟಿದಂದಿನಿಂದ ಚಹಾ ಕುಡಿದವಳೇ ಅಲ್ಲ. ಅವಳನ್ನು ನೋಡಿ ಕಾರ್ಯದರ್ಶಿಗಳೂ ಅರ್ಧ ಕುಡಿದ ಕಪ್ಪನ್ನು ಹಾಗೆಯೇ ಹಿಡಿದುಕೊಂಡರು. ಎರಡು ಕಪ್ಪು ಚಹಾ ನನ್ನ ಕಣ್ಣೆದುರೇ ಆರುತ್ತಿತ್ತು. ಎಷ್ಟು ಹೊತ್ತು ಅಂತ ನೋಡಲಿ?

"ಆಯ್ತು, ಇಬ್ಬರೂ ಕುಡಿಯಿರಿ" ಎಂದೆ.

ಕಾರ್ಯದರ್ಶಿಗಳು ಚೀಲದಿಂದ ಫಾರ್ಮು ತೆಗೆದು ಮೊಮ್ಮಗಳ ಕೈಗೆ ಕೊಟ್ಟರು. ಅವಳು ನನ್ನ ಹೆಸರು ತುಂಬಿಸಿ, ಫಾರ್ಮಿನ ಕೆಳಗಿನ ಸಾಲಿಗೆ ಬಂದು ನಿಂತಳು. ಪಾಲಕರ ಸಹಿ ಎಂದಿತ್ತು. ಅದಿಲ್ಲದೆ ಅರ್ಜಿ ನಡೆಯುವುದಿಲ್ಲ ಎಂದರು ಕಾರ್ಯದರ್ಶಿಗಳು. ನನಗಿಂತ ಹಿರಿಯರು ಈಗ ಯಾರಿದ್ದಾರೆ? ಯೋಚಿಸುತ್ತಿದ್ದಾಗಲೇ ಟೀಚರ ಆ ಶಬ್ದ ಬಾಯಿಗೆ ಬಂತು.

"ಈ ಅರ್ಜಿಯನ್ನು ಗುಜರಾಯಿಸುತ್ತಿದ್ದೇನೆ, ಹಾಗೆ ಬರೆ ಮಗಾ. ಕೆಳಗೆ ಪಾಲಕರು ಅಂತ ಉಂಟಲ್ಲ, ಅಲ್ಲಿ ನೀನೇ ಸಹಿ ಹಾಕು. ವಿದ್ಯಾರ್ಥಿನಿಗೆ ಏನಾಗಬೇಕು ಎಂದು ಕೇಳಿದ್ದಾರೆ ನೋಡು, ಮೊಮ್ಮಗಳು ಅಂತ ಬರೆ."