ನಾಲ್ಕು ಅಂಕಿಯ ಗಿರಾಕಿ

ತಮ್ಮ ಅಂಗಡಿಯ ಮೆಟ್ಟಿಲು ಹತ್ತಿದ ಕಾಲನ್ನು ಜನ್ಮದಲ್ಲಿ ಮರೆಯುವುದಿಲ್ಲ ಎಂಬುದು ಚಪ್ಪಲಿ ಅಂಗಡಿ ಯಜಮಾನರ ಹೆಮ್ಮೆ. ಮುಖ ಮರೆತಾರು, ಹೆಸರಂತೂ ಕೇಳುವುದೇ ಇಲ್ಲ. ಹೆಬ್ಬೆರಳು ಕಂಡರೆ ಸಾಕು! ಅಂಥವರು ಆ ಬೆಳಿಗ್ಗೆ ಹೆಂಡತಿಯ ಮುಂದೆ ಎದೆಯುಬ್ಬಿಸಿ ಘೋಷಿಸಿದರು:

"ಮಗಳು ಮೊದಲ ಹೆಜ್ಜೆ ಇಟ್ಟ ಬೂಟು ತಾನೆ? ಕೊಡು ಇಲ್ಲಿ. ಗುಂಡಿ ಹೊಲಿದು, ಪಾಲಿಷ್ ಹಾಕಿ ಸಂಜೆಗೆ ತರ್ತೀನಿ. ನಾಳೆ ಮೊಮ್ಮಗಳು ಅದನ್ನೇ ಹಾಕ್ಕೊಂಡು ನಡೀಬೇಕು!"

"ಜೋಪಾನ ರೀ. ಇಷ್ಟು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ್ದೀನಿ."

"ಪಾದರಕ್ಷೆಯ ರಕ್ಷಣೆಯನ್ನ ನನಗೇ ಹೇಳಿಕೊಡ್ತೀಯಾ?"

ಮಧ್ಯಾಹ್ನದ ಹೊತ್ತಿಗೆ ಬೂಟು ಕನ್ನಡಿಯಂತೆ ಹೊಳೆಯಿತು. ಯಜಮಾನರು ಅದನ್ನು ಕೈಗೆ ಸಿಕ್ಕ ಡಬ್ಬದಲ್ಲಿಟ್ಟು ಗಲ್ಲಾ ಪಕ್ಕ ಇರಿಸಿದರು. ಅಷ್ಟರಲ್ಲಿ ಅವಸರದ ಗಿರಾಕಿಯೊಬ್ಬ ಬಂದು, ಕರಿ ಬೂಟು ಆರಿಸಿ, ಕಾರ್ಡ್ ಉಜ್ಜಿ, ಯಜಮಾನರು ಕೊಟ್ಟ ಡಬ್ಬವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟ. ಅವನು ತಿರುವಿನಲ್ಲಿ ಮಾಯವಾದ ಮೇಲೆ ಇವರು ಉಳಿದ ಡಬ್ಬದ ಮುಚ್ಚಳ ತೆಗೆದರು. ಒಳಗೆ ಕರಿ ಬೂಟು ಅಂಗಾತ ಮಲಗಿತ್ತು!

ಮನೆಗೆ ಹೋಗಿ ಡಬ್ಬ ತೆರೆದವನು ಸಿಟ್ಟಿನಲ್ಲಿ ಮಗಳ ಬೂಟನ್ನು ಕಸಕ್ಕೆ ಎಸೆದರೆ? ಅವನ ಹೆಬ್ಬೆರಳು ಚೆನ್ನಾಗಿಯೇ ನೆನಪಿತ್ತು. ಆದರೆ ಹೆಬ್ಬೆರಳಿಗೆ ಫೋನ್ ಮಾಡುವುದು ಹೇಗೆ? ಕಾರ್ಡ್ ಯಂತ್ರ ಉಗುಳಿದ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಕಾರ್ಡ್ ನಂಬರಿನ ಜಾಗದಲ್ಲಿ ಒಂದು ಸಾಲು ನಕ್ಷತ್ರ, ಕೊನೆಗೆ ನಾಲ್ಕೇ ನಾಲ್ಕು ಅಂಕಿ.

ಉಳಿದದ್ದು ಕಾರ್ಡ್ ಕಂಪನಿಯ ಸಹಾಯವಾಣಿ. ತೊಡಕೊಂದೇ: ಹೆಂಡತಿಯ ಕೆಲಸವೂ ಅಲ್ಲೇ. ಆದರೂ ಅಷ್ಟೊಂದು ಜನ ಫೋನಿಗೆ ಕೂತಿರುವಾಗ ಕರೆ ಅವಳನ್ನೇ ಹುಡುಕಿಕೊಂಡು ಹೋದೀತೇ? ಒಂದು ಕೈಯಲ್ಲಿ ಮೂಗು ಹಿಡಿದು, ಇನ್ನೊಂದರಲ್ಲಿ ನಂಬರು ಒತ್ತಿದರು.

"ನಮಸ್ಕಾರ, ಏನು ಸಹಾಯ ಬೇಕಿತ್ತು?"

ಅವಳೇ!

"ನಮ್ಮ ಅಂಗಡೀಲಿ ಈಗ ಕಾರ್ಡ್ ಉಜ್ಜಿದವರ ಫೋನ್ ನಂಬರು ಬೇಕಿತ್ತು," ಎಂದಿತು ಮೂಗು.

"ಕ್ಷಮಿಸಿ ಸರ್. ಕಾರ್ಡಿನವರ ಹೆಸರು, ನಂಬರು ಅಂಗಡಿಯವರಿಗೆ ಕೊಡೋ ಹಾಗಿಲ್ಲ. ನಾವೇ ಅವರಿಗೆ ವಿಷಯ ಮುಟ್ಟಿಸ್ತೀವಿ. ಬರೋದು ಬಿಡೋದು ಅವರಿಷ್ಟ."

"ಲೇ, ನಾನು ಕಣೇ!" ಮೂಗಿನ ಮೇಲಿದ್ದ ಕೈ ಜಾರಿತು.

"ಸರ್, ಈ ಕರೆ ರೆಕಾರ್ಡ್ ಆಗ್ತಿದೆ."

"ನಿನ್ನ ಗಂಡ!"

"ಗಂಡನಿಗೂ ಕೊಡೋ ಹಾಗಿಲ್ಲ ಸರ್. ಏನಂತ ತಿಳಿಸಲಿ?"

ಯಜಮಾನರು ದನಿ ತಗ್ಗಿಸಿದರು. "ತಪ್ಪು ಡಬ್ಬ ಕೊಟ್ಟುಬಿಟ್ಟೆ ಅಂತ. ಅದರಲ್ಲಿ... ನನ್ನ ಮಗಳ ಮೊದಲ ಬೂಟಿದೆ. ನನ್ನ ಹೆಂಡತಿ ಜೀವವೇ ಅದರಲ್ಲಿದೆ. ದಯವಿಟ್ಟು ಎಸೀಬೇಡಿ ಅಂತ ಹೇಳಿ."

ಆ ಕಡೆ ಕೀಬೋರ್ಡ್ ಟಕಟಕ ಸದ್ದು ಮಾಡಿತು.

"ತಿಳಿಸ್ತೀನಿ ಸರ್. ನಿಮ್ಮ ದಿನ ಚೆನ್ನಾಗಿರಲಿ!"

ಅಂಗಡಿ ಮುಚ್ಚುವ ಹೊತ್ತಿಗೆ ಗಿರಾಕಿ ನಗುನಗುತ್ತಲೇ ಬಂದು ಡಬ್ಬ ಬದಲಿಸಿಕೊಂಡು ಹೋದ. ಯಜಮಾನರು ಇದ್ದಬದ್ದ ದೇವರಿಗೆಲ್ಲ ಕೈಮುಗಿದು ಮನೆಗೆ ಬಂದರು. ಹೆಂಡತಿಯ ಮುಂದೆ ಡಬ್ಬವಿಟ್ಟು, ಬೈಗುಳಕ್ಕೆ ತಲೆ ತಗ್ಗಿಸಿ ನಿಂತರು. ಆಕೆ ಬೂಟನ್ನು ಅಂಗೈಯಲ್ಲಿಟ್ಟು ಸವರಿದಳು.

"ಹೊಸದರ ಹಾಗಿದೆ ರೀ! ಏನೂ ತೊಂದರೆ ಆಗಲಿಲ್ಲ ತಾನೆ?"

ಯಜಮಾನರು ಕಣ್ಣು ಕಣ್ಣು ಬಿಟ್ಟರು. "ಫೋನಲ್ಲಿ ಎಲ್ಲಾ ಹೇಳಿದ್ನಲ್ಲ!"

"ಅದು ಯಾರೋ ಅಂಗಡಿಯವರು, ಪಾಪ. ಆಫೀಸಿಗೆ ಬಂದ ಗುಟ್ಟನ್ನ ನಾನು ಮನೆಗೆ ತರೋ ಹಾಗಿಲ್ಲ." ಆಕೆ ಕುರ್ಚಿ ಎಳೆದುಕೊಂಡು ಎದುರಿಗೇ ಕೂತಳು. "ಈಗ ನೀವು ಹೇಳಿ. ಮೊದಲಿಂದ. ಮೂಗು ಹಿಡ್ಕೊಳ್ಳದೆ!"